ಇತ್ತೀಚಿನ ಕನ್ನಡ ಸಿನಿಮಾ, ಧಾರಾವಾಹಿಗಳಲ್ಲಿ ನಿಮಗೆ ನಿಜಕ್ಕೂ ಹಿಡಿಸಿದ್ದು ಯಾವುದು, ಹಿಡಿಸದ್ದು ಯಾವುದು?

ಎಲ್ಲರೂ ಹೊಗಳುವುದನ್ನೇ ಹೇಳದೆ ಮುಲಾಜಿಲ್ಲದೆ ಉತ್ತರಿಸಿ ಎಂದು ಕೇಳಿದ್ದೀರಿ; ಜೊತೆಗೆ ಮನೆಮಂದಿಯೆಲ್ಲ ಕೂತು ನೋಡುವಂಥ ಒಂದೆರಡನ್ನು ಸೂಚಿಸಿ ಎಂದೂ ಸೇರಿಸಿದ್ದೀರಿ. ನಾನು ವಿಮರ್ಶಕನಲ್ಲ. ತಿಂಗಳಿಗೆ ಒಂದೋ ಎರಡೋ ಸಿನಿಮಾವನ್ನು ದುಡ್ಡು ಕೊಟ್ಟು ನೋಡುತ್ತೇನೆ. ಸಂಜೆ ಏಳರಿಂದ ಹತ್ತರವರೆಗೆ ನಮ್ಮ ಮನೆಯಲ್ಲಿ ರಿಮೋಟು ಅಮ್ಮನ ಕೈಯಲ್ಲಿರುವುದರಿಂದ, ಊಟದ ತಟ್ಟೆ ಹಿಡಿದುಕೊಂಡೇ ಸಾಕಷ್ಟು ಧಾರಾವಾಹಿಗಳನ್ನೂ ನೋಡಿದ್ದೇನೆ. ಕಳೆದ ಮೂರು ನಾಲ್ಕು ವರ್ಷಗಳಲ್ಲಿ ನೋಡಿದ್ದನ್ನೆಲ್ಲ ನೆನೆದುಕೊಂಡರೆ ನನ್ನ ತಕರಾರು ಹೆಚ್ಚುಕಡಿಮೆ ಒಂದೇ: ನಮ್ಮವರಿಗೆ ಕಥೆಯನ್ನು ಶುರು ಮಾಡುವುದು ಚೆನ್ನಾಗಿ ಗೊತ್ತು, ಎಲ್ಲಿ ಸಾಕು ಎನ್ನಬೇಕೆಂಬುದು ಗೊತ್ತಿಲ್ಲ.

ಧಾರಾವಾಹಿಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ರೋಗ ಅಲ್ಲಿ ಎದ್ದು ಕಾಣುತ್ತದೆ. ಕಲರ್ಸ್ ಕನ್ನಡದಲ್ಲಿ 2022ರಲ್ಲಿ ಶುರುವಾದ 'ಭಾಗ್ಯಲಕ್ಷ್ಮಿ'ಯಲ್ಲಿ ಓದು ಅರ್ಧಕ್ಕೆ ನಿಂತಿದ್ದ ಗೃಹಿಣಿ ಭಾಗ್ಯ, ಮಗಳ ಜೊತೆಯಲ್ಲೇ ಹತ್ತನೆಯ ತರಗತಿ ಓದಲು ಹೊರಡುತ್ತಾಳೆ. ಸುಷ್ಮಾ ಕೆ. ರಾವ್ ಆ ಪಾತ್ರವನ್ನು ಅಳುಮುಂಜಿಯನ್ನಾಗಿ ಮಾಡದೆ ನಿಭಾಯಿಸಿದರು. ಅದಕ್ಕಿಂತ ಹೆಚ್ಚಾಗಿ, ಸ್ವಂತ ಮಗನ ಎದುರು ಸೊಸೆಯ ಪರವಾಗಿ ನಿಲ್ಲುವ ಅತ್ತೆ ಕುಸುಮಾಳ ಪಾತ್ರ (ಪದ್ಮಜಾ ರಾವ್) ನಮ್ಮ ಧಾರಾವಾಹಿಗಳ ಮಟ್ಟಿಗೆ ಅಪರೂಪದ್ದು. ನನ್ನ ಅಮ್ಮ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವರು. ಭಾಗ್ಯ ಪುಸ್ತಕ ಹಿಡಿದು ಕೂತ ಒಂದು ಸಂಜೆ, ದಂಟಿನ ಸೊಪ್ಪು ಸೋಸುತ್ತಿದ್ದ ಅಮ್ಮ ಕೈ ನಿಲ್ಲಿಸಿ, "ನಾನೂ ಕಟ್ಟಿದ್ದರೆ ಪಾಸಾಗ್ತಿದ್ದೆ ಕಣೋ, ಲೆಕ್ಕ ಒಂದು ಬಿಟ್ಟು" ಎಂದರು. ಮೂವತ್ತೆಂಟು ವರ್ಷಗಳಲ್ಲಿ ಅಮ್ಮ ತಮ್ಮ ಓದಿನ ಬಗ್ಗೆ ನನ್ನ ಬಳಿ ಆಡಿದ ಮೊದಲ ಮಾತು ಅದು. ಆ ಧಾರಾವಾಹಿಯ ಮೇಲೆ ನನಗಿರುವ ಗೌರವಕ್ಕೆ ಅಷ್ಟೇ ಸಾಕು. ಆದರೆ ಪರೀಕ್ಷೆ ಮುಗಿದ ಮೇಲೂ ಕಥೆ ಮುಗಿಯುವ ಹಾಗಿರಲಿಲ್ಲ. ಗಂಡ ತಾಂಡವ್ ಮತ್ತು ಅವನ ಗೆಳತಿ ಶ್ರೇಷ್ಠಾಳ ಸುತ್ತಲೇ ಅದೇ ಜಗಳ, ಅದೇ ಅವಮಾನ, ಅದೇ ಸವಾಲು ಸುತ್ತತೊಡಗಿದವು.

ಜೀ ಕನ್ನಡದ 'ಅಮೃತಧಾರೆ'ಯದೂ ಇದೇ ಕಥೆ. 2023ರಲ್ಲಿ ಶುರುವಾದಾಗ, ವಯಸ್ಸು ಮೀರಿತೆಂದು ಊರವರ ಬಾಯಿಗೆ ಬಿದ್ದ ಇಬ್ಬರು ಮದುವೆಯಾಗಿ, ಆಮೇಲೆ ನಿಧಾನವಾಗಿ ಒಬ್ಬರನ್ನೊಬ್ಬರು ಇಷ್ಟಪಡುವುದನ್ನು ಅಷ್ಟೇ ನಿಧಾನವಾಗಿ ತೋರಿಸಿದರು. ರಾಜೇಶ್ ನಟರಂಗ ಅವರು ಡೈಲಾಗು ಇಲ್ಲದ ಕಡೆ ಸುಮ್ಮನೆ ಕೂರಬಲ್ಲ ನಟ. ಛಾಯಾ ಸಿಂಗ್ ಅವರ ಭೂಮಿಕಾಳಿಗೆ ಪಾಠ ಹೇಳುವ ಮೇಷ್ಟರ ಗತ್ತಿತ್ತು. ಅಂಥ ಜೋಡಿಯನ್ನು ಕೈಯಲ್ಲಿಟ್ಟುಕೊಂಡು ಮಲತಾಯಿಯ ಪಿತೂರಿಗಳಿಗೆ ತಿಂಗಳುಗಟ್ಟಲೆ ಸಂಚಿಕೆ ಸುರಿಯುವುದನ್ನು ನೋಡಿದಾಗ ಬೇಸರವಾಗುತ್ತದೆ. ಬಾಗಿಲ ಮರೆಯಲ್ಲಿ ನಿಂತು ಗುಟ್ಟು ಕೇಳಿಸಿಕೊಂಡವರು ಅದನ್ನು ಇನ್ನೊಬ್ಬರಿಗೆ ಹೇಳುವಷ್ಟರಲ್ಲಿ ಒಂದು ವಾರ ಕಳೆದಿರುತ್ತದೆ.

ಇದಕ್ಕೆ ಬರೆಯುವವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ವಾರಕ್ಕೊಮ್ಮೆ ಟಿಆರ್‌ಪಿ ಬರುತ್ತದೆ, ಅಂಕಿ ಏರಿದ್ದರೆ ಆ ಎಳೆಯನ್ನು ಹಿಂಜುತ್ತಾರೆ, ಇಳಿದಿದ್ದರೆ ಹೊಸ ಅಪಘಾತವೋ ಹಳೆಯ ನೆನಪಿನ ಶಕ್ತಿ ಹೋಗುವುದೋ ಬಂದು ಸೇರುತ್ತದೆ. ಚೆನ್ನಾಗಿ ಓಡುತ್ತಿರುವುದನ್ನು ಯಾವ ವಾಹಿನಿಯೂ ತಾನಾಗಿ ನಿಲ್ಲಿಸುವುದಿಲ್ಲ. ನಾನು ಹೀಗೆಲ್ಲ ಅಮ್ಮನ ಮುಂದೆ ವಾದಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅದು ಮುಗಿದುಹೋದರೆ ಆ ಹೊತ್ತಿಗೆ ನಾನೇನು ನೋಡಲಿ?" ನನ್ನಲ್ಲಿ ಉತ್ತರವಿರಲಿಲ್ಲ.

ಬಿಗ್ ಬಾಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೂಗಾಟದ ನಡುವೆ ನಿದ್ದೆ ಬರುವ ಕಾರ್ಯಕ್ರಮ ಅದು. ಹನ್ನೊಂದನೆಯ ಆವೃತ್ತಿಯಲ್ಲಿ ನಡುವೆ ಬಂದು ಸೇರಿದ ಹಾವೇರಿ ಜಿಲ್ಲೆಯ ಹಾಡುಗಾರ ಹನುಮಂತ 2025ರ ಜನವರಿಯಲ್ಲಿ ಗೆದ್ದಾಗ ಮಾತ್ರ ಖುಷಿಯಾಯಿತು. ಎಷ್ಟು ಮಾತಾಡಿದರೆ ಸಾಕೆಂಬುದು ಆ ಮನೆಯಲ್ಲಿ ಅವರೊಬ್ಬರಿಗೇ ತಿಳಿದಂತಿತ್ತು.

ಸಿನಿಮಾಗಳ ವಿಷಯಕ್ಕೆ ಬಂದರೆ, ಈಚೆಗೆ ನನ್ನನ್ನು ಅತಿ ಹೆಚ್ಚು ನಗಿಸಿದ್ದು 2025ರ ಜುಲೈನಲ್ಲಿ ಬಂದ 'ಸು ಫ್ರಂ ಸೋ'. ಜೆ.ಪಿ. ತುಮಿನಾಡು ನಿರ್ದೇಶಿಸಿ ತಾವೇ ಅಶೋಕನಾಗಿ ನಟಿಸಿದ್ದಾರೆ. ಸೋಮೇಶ್ವರದ ಸುಲೋಚನಾ ಎಂಬ ಸತ್ತ ಹೆಂಗಸಿನ ದೆವ್ವ ಮೈಮೇಲೆ ಬಂದಿದೆಯೆಂದು ಅಶೋಕ ನಟಿಸುತ್ತಾನೆ, ಕರಾವಳಿಯ ಒಂದು ಹಳ್ಳಿಗೆ ಹಳ್ಳಿಯೇ ಅದನ್ನು ನಂಬುತ್ತದೆ. ದೊಡ್ಡ ನಾಯಕನಿಲ್ಲ, ಊರಲ್ಲಿ ಏನೇ ಆದರೂ ಎಲ್ಲರೂ ಕರೆಯುವ, ಮದುವೆಯಿಲ್ಲದೆ ಉಳಿದ ರವಿಯಣ್ಣ (ಶನೀಲ್ ಗೌತಮ್) ಇದ್ದಾನೆ. ನಾನು ನೋಡಿದ ದಿನ ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು, "ನಮ್ಮೂರಲ್ಲೂ ಒಬ್ಬ ಇದ್ದಾನೆ, ಹೆಸರು ಮಾತ್ರ ಬೇರೆ" ಎಂದು ಚಿತ್ರ ಮುಗಿಯುವುದರೊಳಗೆ ಮೂರು ಸಲ ಹೇಳಿದರು. ಅದರಲ್ಲೂ ನನಗೆ ಒಂದು ಕಿರಿಕಿರಿ ಉಳಿದಿದೆ. ಅಶೋಕನ ನಾಟಕ ಶುರುವಾಗುವುದೇ ಸ್ನಾನದ ಮನೆಯಲ್ಲಿ ಇಣುಕಲು ಹೋಗಿ ಸಿಕ್ಕಿಬಿದ್ದದ್ದರಿಂದ. ದ್ವಿತೀಯಾರ್ಧದಲ್ಲಿ ಚಿತ್ರವು ಸುಲೋಚನಾಳ ಮಗಳು ಭಾನುವಿನ ಸಂಕಟವನ್ನು ಗಂಭೀರವಾಗಿ ಹಿಡಿಯುತ್ತದಾದರೂ, ಮೊದಲು ಇಣುಕಿದವನಿಂದ ಸರಿಯಾದ ಲೆಕ್ಕ ಕೇಳುವುದಿಲ್ಲ. ನಗುವಿನಲ್ಲಿ ಅದು ತೇಲಿಹೋಗುತ್ತದೆ.

'ಕಾಂತಾರ'ದ ಬಗ್ಗೆ ಬರೆದರೆ ಬೈಸಿಕೊಳ್ಳುತ್ತೇನೆಂದು ಗೊತ್ತು. 2022ರ ಚಿತ್ರದ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ರಿಷಬ್ ಶೆಟ್ಟಿ ಮಾಡಿದ್ದನ್ನು ನಾನು ಇನ್ನೂ ಮರೆತಿಲ್ಲ. ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ಆದರೆ ನಾಯಕ ಶಿವ ನಾಯಕಿ ಲೀಲಾಳ ಸೊಂಟ ಚಿವುಟುವುದನ್ನು ಪ್ರೇಮವೆಂದು ಒಪ್ಪಿಸಲು ಹೊರಟದ್ದು ಅಂದೂ ಹಿಡಿಸಲಿಲ್ಲ, ಇಂದೂ ಹಿಡಿಸುವುದಿಲ್ಲ. 2025ರ ಅಕ್ಟೋಬರ್ 2ರಂದು ಬಂದ 'ಕಾಂತಾರ: ಅಧ್ಯಾಯ 1' ಕದಂಬರ ಕಾಲಕ್ಕೆ ಹೋಗುತ್ತದೆ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ಕಾಡನ್ನು ತೋರಿಸುವ ರೀತಿಗೆ, ರುಕ್ಮಿಣಿ ವಸಂತ್ ಅವರ ಕನಕವತಿಗೆ ಟಿಕೆಟ್ಟಿನ ದುಡ್ಡು ಸಂದಿತು. ಮೊದಲ ಚಿತ್ರದಲ್ಲಿ ದೈವದ ಕೂಗಿಗಾಗಿ ಎರಡು ಗಂಟೆ ಕಾದಿದ್ದೆವು, ಆದ್ದರಿಂದಲೇ ರೋಮಾಂಚನವಾಯಿತು. ಇಲ್ಲಿ ಪ್ರತಿ ಅರ್ಧ ಗಂಟೆಗೊಂದು ಕ್ಲೈಮ್ಯಾಕ್ಸ್ ಬರುವುದರಿಂದ, ನಿಜವಾದ ಕ್ಲೈಮ್ಯಾಕ್ಸ್ ಬರುವ ಹೊತ್ತಿಗೆ ನನ್ನ ಕಿವಿಯೂ ಭಕ್ತಿಯೂ ದಣಿದಿದ್ದವು.

ಹೇಮಂತ್ ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' 2023ರಲ್ಲಿ ಎರಡು ಭಾಗಗಳಾಗಿ ಬಂತು. ಜೈಲಿನಲ್ಲಿರುವ ಮನುವಿಗಾಗಿ ಪ್ರಿಯಾ ತನ್ನ ದನಿಯನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಕಳುಹಿಸುವ ಮೊದಲ ಭಾಗವನ್ನು ನಾನು ಎರಡು ಸಲ ನೋಡಿದೆ. ಎರಡನೆಯ ಭಾಗದಲ್ಲಿ ಬಿಡುಗಡೆಯಾದ ಮನು ಅವಳ ಸಂಸಾರವನ್ನು ಮರೆಯಲ್ಲಿ ನಿಂತು ನೋಡುತ್ತ ಹಿಂಬಾಲಿಸುವುದನ್ನು ಪ್ರೇಮವೆಂದು ಕರೆಯಲು ನನಗೆ ಸಾಧ್ಯವಾಗಲಿಲ್ಲ. ಗೆಳೆಯರು ಈಗಲೂ ಜಗಳವಾಡುತ್ತಾರೆ. ನನ್ನ ಮಟ್ಟಿಗೆ ಆ ಕಥೆ ಮೊದಲ ಭಾಗಕ್ಕೇ ಮುಗಿದಿದೆ. ಮಾಸ್ ಚಿತ್ರಗಳಲ್ಲಿ ಸುದೀಪ್ ಅವರ 'ಮ್ಯಾಕ್ಸ್' ಪರವಾಗಿಲ್ಲ. ಎಲ್ಲವೂ ಒಂದೇ ರಾತ್ರಿಯಲ್ಲಿ ನಡೆಯುವುದರಿಂದ ಹಿಗ್ಗಿಸಲು ಜಾಗವೇ ಇರಲಿಲ್ಲ.

ಇನ್ನು ನೀವು ಕೇಳಿದ ಸಲಹೆ. ನಗಬೇಕೆಂದರೆ, ಮೇಲೆ ಹೇಳಿದ ಕಿರಿಕಿರಿಯೊಂದಿಗೇ, 'ಸು ಫ್ರಂ ಸೋ'. ಕಂತುಗಳಲ್ಲಿ ನೋಡುವಂಥದ್ದು ಬೇಕಾದರೆ ಕರಾವಳಿಯಲ್ಲೇ ನಡೆಯುವ ಏಳು ಕಥೆಗಳ 'ಏಕಂ'. ಒಟಿಟಿಗಳು ಕೊಳ್ಳದ ಕಾರಣ ರಕ್ಷಿತ್ ಶೆಟ್ಟಿಯವರ ಸಂಸ್ಥೆ ಅದನ್ನು 2024ರಲ್ಲಿ ತನ್ನದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಒಂದು ಕಂತಿಗೂ ಇನ್ನೊಂದಕ್ಕೂ ನಂಟಿಲ್ಲದಿರುವುದರಿಂದ ದಿನಕ್ಕೊಂದರಂತೆ ನೋಡಬಹುದು. ಒಂದನ್ನೇ ಆರಿಸಿ ಎಂದರೆ ಸುಮಂತ್ ಭಟ್ ಅವರ 'ಮಿಥ್ಯ' ನೋಡಿ. ತಂದೆತಾಯಿಯನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈಯಿಂದ ಉಡುಪಿಯ ಕಡೆಗೆ, ಚಿಕ್ಕಮ್ಮ ಚಿಕ್ಕಪ್ಪನ ಮನೆಗೆ ಬರುತ್ತಾನೆ. ಅವನ ದುಃಖದ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. 'ಸು ಫ್ರಂ ಸೋ'ದಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಪ್ರಕಾಶ್ ತುಮಿನಾಡು ಇಲ್ಲಿ ಆ ಚಿಕ್ಕಪ್ಪ. ಹುಡುಗನಿಗೆ ಏನು ಹೇಳಬೇಕೆಂದು ತೋಚದೆ ನಿಲ್ಲುವ ಅವರ ಮುಖ ನೋಡಿ. 2025ರ ಮಾರ್ಚಿನಲ್ಲಿ ನಾನು ನೋಡಿದ ಆಟಕ್ಕೆ ಚಿತ್ರಮಂದಿರದಲ್ಲಿ ಇದ್ದದ್ದು ಹನ್ನೊಂದು ಜನ, ಅದರಲ್ಲಿ ಇಬ್ಬರು ಮಧ್ಯಂತರದಲ್ಲಿ ಎದ್ದುಹೋದರು.