ಸಂಪಾದಕರ ಉತ್ತರ: ಅಪರಾಧಿಗಳ ಪರ ವಕಾಲತ್ತೇ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಅಮೆರಿಕದಿಂದ ಗಡೀಪಾರಾಗುವವರಿಗಾಗಿ ಕಳೆದ ಸಂಚಿಕೆಯಲ್ಲಿ ಕಣ್ಣೀರು ಸುರಿಸಿದ್ದೀರಿ. ನನ್ನ ಮಗ ವರ್ಷಗಟ್ಟಲೆ ಕಾದು, ನಿಯಮ ಪಾಲಿಸಿ ಗ್ರೀನ್ ಕಾರ್ಡ್ ಪಡೆದ. ಅಪರಾಧ ಮಾಡಿದ ಪರದೇಶಿಯನ್ನು ಇಟ್ಟುಕೊಳ್ಳಬೇಕೆಂದು ಯಾವ ದೇಶಕ್ಕೆ ಹರಕೆಯಿದೆ?”

ಮಾನ್ಯರೇ,

ಯಾವ ದೇಶಕ್ಕೂ ಇಲ್ಲ. ಕೊಲೆಗಾರನನ್ನು ಹೊರಗಟ್ಟಿದರೆ ನನ್ನ ತಕರಾರೂ ಇಲ್ಲ. 1988ರಲ್ಲಿ ಅಲ್ಲಿನ ಸಂಸತ್ತು ‘ಅಗ್ರವೇಟೆಡ್ ಫೆಲೊನಿ’ (ಗಡೀಪಾರಿಗೆ ಗುರಿಮಾಡುವ ಘೋರ ಅಪರಾಧ) ಎಂಬ ವರ್ಗ ಮಾಡಿದಾಗ ಅದರಲ್ಲಿದ್ದದ್ದು ಕೊಲೆ, ಮಾದಕವಸ್ತು ಮತ್ತು ಶಸ್ತ್ರಾಸ್ತ್ರಗಳ ಅಕ್ರಮ ವ್ಯವಹಾರ, ಅಷ್ಟೇ. ಕೆಟ್ಟದ್ದು 1996ರ ವಲಸೆ ಸುಧಾರಣೆಯಲ್ಲಿ. ಬಿಲ್ ಕ್ಲಿಂಟನ್ ಸಹಿ ಹಾಕಿದ ಆ ಕಾಯ್ದೆಯ ನಂತರ, ಕಳವಿಗೆ 1 ವರ್ಷದ ಸಜೆಯಾದರೂ ಅದೇ ವರ್ಗ. ಮೊದಲು 5 ವರ್ಷವಾಗಬೇಕಿತ್ತು. ವಂಚನೆಯ ಮಿತಿ 2 ಲಕ್ಷ ಡಾಲರ್‌ನಿಂದ 10 ಸಾವಿರಕ್ಕೆ ಇಳಿಯಿತು. ಸಜೆಯನ್ನು ಅಮಾನತಿನಲ್ಲಿಟ್ಟ ಕಾರಣ ಒಂದು ದಿನವೂ ಜೈಲು ಕಾಣದವನಿಗೂ ಪೂರ್ತಿ ಸಜೆಯೇ ಲೆಕ್ಕ. ಸಾಲದೆಂಬಂತೆ, ಈ ಹೊಸ ವ್ಯಾಖ್ಯೆ ಹಳೆಯ ಪ್ರಕರಣಗಳಿಗೂ ಅನ್ವಯಿಸಿತು. ಎಂದೋ ದಂಡ ತೆತ್ತು, ಸಂಸಾರ ಹೂಡಿ ಕುಳಿತವನ ಬಾಗಿಲಿಗೆ ಅಧಿಕಾರಿಗಳು ಬಂದರು.

ಆದರೆ ನನ್ನನ್ನು ಹೆಚ್ಚು ಕೆಣಕುವುದು ಬೇರೆ. ಹಿಂದೆ ವಲಸೆ ನ್ಯಾಯಾಧೀಶರು ಗ್ರೀನ್ ಕಾರ್ಡ್ ಇದ್ದವನ ಹೆಂಡತಿ ಮಕ್ಕಳು, ದುಡಿಮೆ, ನಡತೆ ಎಲ್ಲವನ್ನೂ ತೂಗಿ ಅವನನ್ನು ಉಳಿಸಬಹುದಿತ್ತು. ಈ ವರ್ಗಕ್ಕೆ ಸೇರಿದವರ ಮಟ್ಟಿಗೆ 1996 ಆ ಅಧಿಕಾರವನ್ನು ಕಿತ್ತುಕೊಂಡಿತು. ಅದಕ್ಕೂ ಮೊದಲು ತಪ್ಪೊಪ್ಪಿಕೊಂಡಿದ್ದವರನ್ನು ಮಾತ್ರ 2001ರಲ್ಲಿ ಸುಪ್ರೀಂ ಕೋರ್ಟ್ ಕಾಪಾಡಿತು.

ಪಡಿಲ್ಲಾ ಎಂಬವನ ಪ್ರಕರಣ ನೋಡಿ. ಹೊಂಡುರಾಸ್‌ನಲ್ಲಿ ಹುಟ್ಟಿದವ, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದವ, 40 ವರ್ಷಕ್ಕೂ ಹೆಚ್ಚು ಕಾಲ ಅಲ್ಲಿನ ಕಾಯಂ ನಿವಾಸಿ. ಕೆಂಟಕಿ ರಾಜ್ಯದಲ್ಲಿ ಲಾರಿಯಲ್ಲಿ ಗಾಂಜಾ ಸಾಗಿಸುವಾಗ ಸಿಕ್ಕಿಬಿದ್ದ. ಇಷ್ಟು ವರ್ಷ ಇಲ್ಲಿದ್ದೀಯಲ್ಲ, ಗಡೀಪಾರಿನ ಚಿಂತೆ ಬೇಡ ಎಂದು ವಕೀಲರು ಹೇಳಿದರಂತೆ. ಅದನ್ನು ನಂಬಿ ತಪ್ಪೊಪ್ಪಿಕೊಂಡ. ಗಡೀಪಾರು ಬಹುತೇಕ ಖಚಿತವಾಗಿತ್ತು. ಆರೋಪಿಗೆ ಈ ಅಪಾಯವನ್ನು ತಿಳಿಸುವುದು ವಕೀಲರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2010ರಲ್ಲಿ! ಗಾಂಜಾ ಸಾಗಿಸಿದವನಲ್ಲವೇ ಎಂದು ನೀವು ಕೇಳುತ್ತೀರಿ. ಹೌದು, ಸಾಗಿಸಿದವನೇ. ಕಳಿಸುವುದೇ ಸರಿ ಎಂದು ನ್ಯಾಯಾಧೀಶರಿಗೆ ತೋರಿದರೆ ಕಳಿಸಲಿ. ಆ 40 ವರ್ಷಗಳನ್ನು ನೋಡುವುದಕ್ಕೇ ಅವಕಾಶವಿಲ್ಲವೆಂದರೆ ಅಲ್ಲಿ ನ್ಯಾಯಾಧೀಶರು ಏಕೆ, ಗುಮಾಸ್ತ ಸಾಕು.

ಇನ್ನು ನಿಮ್ಮ ಮಗನ ವಿಷಯ. ಗ್ರೀನ್ ಕಾರ್ಡ್ ಬಂದರೂ ಅವರು ಅಲ್ಲಿ ಪರದೇಶಿಯೇ. ಈ ಕಾಯ್ದೆ ಅವರಿಗೂ ಅನ್ವಯಿಸುತ್ತದೆ. ಗಡೀಪಾರಿನ ವಿಚಾರಣೆ ಸಿವಿಲ್ ಸ್ವರೂಪದ್ದಾದ್ದರಿಂದ ಸಾಮಾನ್ಯವಾಗಿ ಸರ್ಕಾರದ ಖರ್ಚಿನಲ್ಲಿ ವಕೀಲರೂ ಸಿಗುವುದಿಲ್ಲ. ಸಾಮಾನ್ಯವಾಗಿ 5 ವರ್ಷ ಕಳೆದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಎಂದಾದರೂ ಸಣ್ಣ ಪ್ರಕರಣವೊಂದರಲ್ಲಿ ಸಿಲುಕಿದ್ದರೆ, ಅದು ಅಳಿಸಿಹೋಗಿದೆಯೆಂದು ನ್ಯಾಯಾಲಯ ಹೇಳಿದ್ದರೂ, ಅರ್ಜಿಗೆ ಮೊದಲು ವಲಸೆ ಕಾನೂನು ಬಲ್ಲ ವಕೀಲರಿಗೆ ಕಡತ ತೋರಿಸಲಿ. ಅರ್ಜಿ ಹಾಕಲು ಹೋಗಿಯೇ ಗಡೀಪಾರಿನ ನೋಟಿಸ್ ಪಡೆದವರಿದ್ದಾರೆ.