ತಲೆಪಟ್ಟಿ ಕಟ್ಟಿ ಆಡುವ ಗೇಮ್: ಕೆಲಸ ಮಿದುಳಿನದೋ, ಹಣೆಯದೋ?

ಪ್ರಶ್ನೆ: ಹದಿಮೂರು ವರ್ಷದ ಮಗ ಹಣೆಗೆ ಸೆನ್ಸರ್ ಪಟ್ಟಿ ಕಟ್ಟಿಕೊಂಡು, ‘ಮನಸ್ಸಿನಿಂದಲೇ’ ಚೆಂಡು ಮೇಲೆತ್ತುವ ವಿಡಿಯೊ ಗೇಮ್ ಆಡುತ್ತಾನೆ, ದಿನಕ್ಕೆ ಒಂದು ಗಂಟೆ. ಮಿದುಳಿಗೆ ಅಪಾಯವೇ? ಏಕಾಗ್ರತೆ ಹೆಚ್ಚುತ್ತದೆ ಎನ್ನುವುದು ನಿಜವೇ?

ಉತ್ತರ: ಪಟ್ಟಿಯ ಬಗ್ಗೆ ಹೆದರಬೇಡಿ. ಅದು ಮಿದುಳಿಗೆ ಏನನ್ನೂ ಕಳಿಸುವುದಿಲ್ಲ, ಬರೀ ಕಿವಿಗೊಡುತ್ತದೆ. ಚರ್ಮದ ಮೇಲೆ ಸಿಗುವ ಮಿದುಳಿನ ಸಂಕೇತ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್, 1.5 ವೋಲ್ಟಿನ ಪೆನ್ಸಿಲ್ ಸೆಲ್ಲಿನ ಹದಿನೈದು ಸಾವಿರದ ಒಂದು ಪಾಲು ಎಂದರೆ ಹೆಚ್ಚಾಯಿತು. (ತಲೆಗೆ ವಿದ್ಯುತ್ ಹಾಯಿಸುವ ಸಾಧನಗಳ ಮಾತೇ ಬೇರೆ. ಅವನ್ನು ಮನೆಯಲ್ಲಿ ಮಕ್ಕಳಿಗೆ ಹಾಕಬೇಡಿ.)

ಇಷ್ಟು ಕ್ಷೀಣ ಸಂಕೇತವಾದ್ದರಿಂದಲೇ ತಕರಾರು. ಮಗನಿಗೆ ಸುಮ್ಮನೆ ಕೂತು ಹಲ್ಲು ಕಚ್ಚಲು, ಹುಬ್ಬು ಗಂಟಿಕ್ಕಲು ಹೇಳಿ. ಚೆಂಡು ಏರಿತೇ? ಹಾಗಿದ್ದರೆ ಆಟ ಆಡುತ್ತಿರುವುದು ಹಣೆಯ ಸ್ನಾಯು. ಗೇಮ್‌ಗಳು ಹೆಚ್ಚಾಗಿ ಮಿದುಳಿನ 13–30 ಹರ್ಟ್ಜ್‌ನ (ಸೆಕೆಂಡಿಗೆ ಅಷ್ಟು ಸಲ ಏರಿಳಿಯುವ) ಬೀಟಾ ಅಲೆಯನ್ನು ‘ಏಕಾಗ್ರತೆ’ ಎಂದು ಲೆಕ್ಕ ಹಿಡಿಯುತ್ತವೆ. ಸ್ನಾಯುವಿನ ಸದ್ದೂ 20 ಹರ್ಟ್ಜ್‌ನಿಂದಾಚೆ ಅದೇ ಜಾಗಕ್ಕೆ ನುಗ್ಗುತ್ತದೆ, ಅದೂ ಎಷ್ಟೋ ಪಟ್ಟು ಜೋರಾಗಿ. ಪಟ್ಟಿಯ ಜೊತೆ ಬರುವ ಕಿವಿಯ ಕ್ಲಿಪ್ ಸಡಿಲವಾದರೆ ಗೋಡೆಯ ವೈರಿಂಗ್‌ನ 50 ಅಥವಾ 60 ಹರ್ಟ್ಜ್ ಗುಂಯ್‌ಗುಡುವಿಕೆಯೂ ಸೇರಿಕೊಳ್ಳುತ್ತದೆ. ಹಣೆ ಒರೆಸಿ, ಕೂದಲು ಸರಿಸಿ, ಸೆನ್ಸರ್ ತಾಗುವಲ್ಲಿ ಸ್ವಲ್ಪ ನೀರು ಸವರಿ.

ಆ್ಯಪ್‌ನಲ್ಲಿ ಅಲೆಯ ಗೆರೆ ಕಾಣುವುದಾದರೆ ಇನ್ನೊಂದು ಪರೀಕ್ಷೆ: ಅರ್ಧ ನಿಮಿಷ ಕಣ್ಣು ಮುಚ್ಚಿಸಿ. ಪಟ್ಟಿ ನಿಜಕ್ಕೂ ಮಿದುಳನ್ನು ಓದುತ್ತಿದ್ದರೆ 8–13 ಹರ್ಟ್ಜ್‌ನ ಆಲ್ಫಾ ಅಲೆ ಏಳಬೇಕು. ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ ಮನುಷ್ಯರ ಮೊದಲ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ವರದಿಯಲ್ಲಿದ್ದುದೂ ಈ ಅಲೆಯೇ. ಅದು ತಲೆಯ ಹಿಂಭಾಗದಲ್ಲಿ ಬಲವಾಗಿರುವುದರಿಂದ ಹಣೆಯಲ್ಲಿ ಮಂಕಾಗಿ ಕಂಡರೂ ಸಾಕು.

ಹಾಗಾದರೆ ಮಿದುಳು ಬದಲಾಗುವುದೇ ಇಲ್ಲವೇ? ಬದಲಾಗುತ್ತದೆ, ಸೈಕಲ್ ಕಲಿತಾಗ ಬದಲಾಗುವ ಹಾಗೆ. ನೆತ್ತಿಯ ಮೇಲೆ ಹಲವು ಇಲೆಕ್ಟ್ರೋಡ್ ಇಟ್ಟು ಆಡುವ ಗೇಮ್‌ಗಳಲ್ಲಿ ಎಡಗೈ ಆಡಿಸಿದಂತೆ ಕಲ್ಪಿಸಿಕೊಂಡರೆ ಮಿದುಳಿನ ಬಲಬದಿಯಲ್ಲಿ ಚಲನೆ ನಿಯಂತ್ರಿಸುವ ಭಾಗದ ಅಲೆ (ಮ್ಯೂ ಅಲೆ) ತಗ್ಗುತ್ತದೆ. ಯಂತ್ರ ಅದನ್ನೇ ಆಜ್ಞೆಯೆಂದು ಓದುತ್ತದೆ. ವಾರಗಟ್ಟಲೆ ಅಭ್ಯಾಸದಿಂದ ಈ ಏರಿಳಿತ ಸ್ಪಷ್ಟವಾಗುತ್ತದೆ. 2016ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿ ನಡೆದ ಸೈಬಥ್ಲಾನ್‌ನಲ್ಲಿ (ಅಂಗವಿಕಲರು ಸಹಾಯಕ ತಂತ್ರಜ್ಞಾನ ಬಳಸಿ ಸ್ಪರ್ಧಿಸುವ ಕೂಟ) ಕೈಕಾಲು ಸ್ವಾಧೀನವಿಲ್ಲದವರು ಮಿದುಳಿನ ಅಲೆಗಳಿಂದಲೇ ಗೇಮ್‌ನ ಓಟಗಾರನನ್ನು ಓಡಿಸಿದರು. ಎಷ್ಟು ಕಲಿತರೂ ಹಿಡಿತ ಸಿಗದವರೂ ಉಂಟು, ಸುಮಾರು ಶೇ 15ರಿಂದ 30. ಅದು ಬುದ್ಧಿಯ ಕೊರತೆಯಲ್ಲ.

ಆದರೆ ಚೆಂಡು ಎತ್ತುವ ಪಳಗಿಕೆ ಪಾಠಕ್ಕೆ ಹರಿದುಬರುತ್ತದೆಂದು ನಾನು ಭರವಸೆ ಕೊಡಲಾರೆ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳ ನ್ಯೂರೋಫೀಡ್‌ಬ್ಯಾಕ್ (ತಮ್ಮ ಮಿದುಳಿನ ಅಲೆಗಳನ್ನು ನೋಡುತ್ತಾ ಪಳಗುವ ಚಿಕಿತ್ಸೆ) ಅಧ್ಯಯನಗಳನ್ನು 2013ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮಗುವಿಗೆ ಚಿಕಿತ್ಸೆ ಸಿಕ್ಕಿದ್ದು ಗೊತ್ತಿದ್ದವರು ಕೊಟ್ಟ ಅಂಕಗಳಲ್ಲಿ ಸುಧಾರಣೆ ಕಂಡಿತು. ಗೊತ್ತಿಲ್ಲದವರು ಕೊಟ್ಟ ಅಂಕಗಳಲ್ಲಿ ಅದು ಬಹುಪಾಲು ಕರಗಿತು. ಇದನ್ನು ನಂಬಿ ಎಡಿಎಚ್‌ಡಿಯ ಮಾತ್ರೆ ನಿಲ್ಲಿಸಬೇಡಿ.

ಒಂದು ಗಂಟೆ ಹೆಚ್ಚಾಯಿತು. ಬಹಳ ಹೊತ್ತು ಆಡಿದರೆ ಗಮನ ಸೋರಿ, ಹಣೆ ಬಿಗಿದು ತಲೆನೋವು ಬರಬಹುದು. ನಿಜವಾದ ಎಚ್ಚರಿಕೆ ಪರದೆಯ ಬಗ್ಗೆ: ಮಿನುಗುವ ಚೌಕ ನೋಡಿ ಆಯ್ಕೆ ಮಾಡುವ ಗೇಮ್‌ಗಳಿವೆ. ಸೆಕೆಂಡಿಗೆ 15–25 ಮಿನುಗು ಬೆಳಕಿಗೆ ಸೂಕ್ಷ್ಮವಾದವರಲ್ಲಿ ಅಪಸ್ಮಾರ ಕೆರಳಿಸಬಲ್ಲದು. ಮಗನಿಗಾಗಲಿ ಮನೆಯವರಿಗಾಗಲಿ ಫಿಟ್ಸ್ ಬಂದ ಇತಿಹಾಸವಿದ್ದರೆ, ನರರೋಗ ವೈದ್ಯರನ್ನು ಕೇಳುವವರೆಗೆ ಅಂಥವನ್ನು ಆಡಿಸಬೇಡಿ.