ಜುಟ್ಟು ಯಾರ ಕೈಯಲ್ಲಿ?

ಮೆಲ್ಬರ್ನ್‌ನಿಂದ ಪತ್ರ ಬರೆದ ಓದುಗರಿಗೆ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನಷ್ಟು ಹೇಳಿಬಿಡುತ್ತೇನೆ. ನೀವು ಸಿವಿಲ್ ಎಂಜಿನಿಯರ್. ಅಲ್ಲೇ ಮಾಸ್ಟರ್ಸ್ ಮುಗಿಸಿ ಓದು ಮುಗಿಸಿದವರಿಗೆ ಸಿಗುವ 485 ಎಂಬ ತಾತ್ಕಾಲಿಕ ಗ್ರಾಜುಯೇಟ್ ವೀಸಾದಲ್ಲಿ ಕೆಲಸ ಮಾಡುತ್ತಿದ್ದೀರಿ. ವೀಸಾ ಇನ್ನೊಂದು ವರ್ಷ ಚಿಲ್ಲರೆ ಇದೆ. ಕೆಲವೇ ತಿಂಗಳಲ್ಲಿ 33 ತುಂಬುತ್ತದೆ. ವಯಸ್ಸು, ಇಂಗ್ಲಿಷ್, ಅನುಭವಕ್ಕೆಲ್ಲ ವಲಸೆ ಲೆಕ್ಕದಲ್ಲಿ ಸಿಗುವ ಪಾಯಿಂಟ್ಸ್ ಸದ್ಯಕ್ಕೆ 75. ಕಂಪನಿಯವರು 482 ಎಂಬ ತಾತ್ಕಾಲಿಕ ಕೆಲಸದ ವೀಸಾಕ್ಕೆ ಸ್ಪಾನ್ಸರ್ ಮಾಡಲು ತಯಾರಿದ್ದಾರೆ. ಏಜೆಂಟರು ಮಾತ್ರ ‘ಅದೆಲ್ಲ ಬೇಡ, ಅಡಿಲೇಡ್ ಕಡೆ 491 ಎಂಬ ರೀಜನಲ್ ವೀಸಾ ಹಿಡಿಯಿರಿ, 15 ಪಾಯಿಂಟ್ಸ್ ಹೆಚ್ಚಿಗೆ ಸಿಗುತ್ತದೆ’ ಎನ್ನುತ್ತಾರೆ. ಗೆಳೆಯರದು ‘189ಕ್ಕೇ ಕಾಯಿ’, ಅಂದರೆ ಪಾಯಿಂಟ್ಸ್ ಮೇಲೆ ನೇರವಾಗಿ ಸಿಗುವ ಕಾಯಂ ವೀಸಾಕ್ಕೇ ಕಾಯಿ ಎಂಬ ಪಾಠ. ಮಗುವಿನ ಯೋಚನೆಯೂ ಇದೆ. ಇದರಲ್ಲಿ ಯಾವುದು ಬೇಗ ಪಿಆರ್ (ಕಾಯಂ ವಾಸದ ಹಕ್ಕು) ಕೊಡಿಸುತ್ತದೆ ಎಂಬುದು ನಿಮ್ಮ ಪ್ರಶ್ನೆ.

‘ಬೇಗ’ ಎಂಬುದಕ್ಕೆ ನೀವು ಕೊಟ್ಟಷ್ಟು ತೂಕ ನಾನು ಕೊಡುವುದಿಲ್ಲ. ಆಸ್ಟ್ರೇಲಿಯಾದ ಪೌರತ್ವಕ್ಕೆ ಅರ್ಜಿ ಹಾಕಲು ಅಲ್ಲಿ ಕಾನೂನುಬದ್ಧವಾಗಿ ನಾಲ್ಕು ವರ್ಷ ವಾಸವಿರಬೇಕು, ಅದರಲ್ಲಿ ಕೊನೆಯ 12 ತಿಂಗಳು ಪಿಆರ್ ಆಗಿದ್ದರೆ ಸಾಕು. ತಾತ್ಕಾಲಿಕ ವೀಸಾದಲ್ಲಿ ಕಳೆದ ಕಾಲವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಪಿಆರ್ ಆರು ತಿಂಗಳು ಹಿಂದೆಮುಂದೆ ಆದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ನೋಡಬೇಕಾದದ್ದು ಬೇರೆ: ನಡುವಿನ ಎರಡು-ಮೂರು ವರ್ಷ ನಿಮ್ಮ ಜುಟ್ಟು ಯಾರ ಕೈಯಲ್ಲಿರುತ್ತದೆ? 482ರಲ್ಲಿ ಕಂಪನಿಯ ಕೈಯಲ್ಲಿ, 491ರಲ್ಲಿ ಊರಿನ ಕೈಯಲ್ಲಿ. 189ರಲ್ಲಿ ಯಾರ ಕೈಯಲ್ಲೂ ಇಲ್ಲ, ಆದರೆ ಅರ್ಜಿ ಹಾಕಿ ಎಂದು ಸರ್ಕಾರದ ಕರೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಏಜೆಂಟರು ಹೇಳಿದ 491ನ್ನೇ ಮೊದಲು ನೋಡೋಣ. ಅದು ಕೆಟ್ಟ ವೀಸಾ ಅಲ್ಲ. ಐದು ವರ್ಷದ ಅವಧಿ, ಯಾವ ಮಾಲೀಕರ ಹಂಗೂ ಇಲ್ಲ, ಸರ್ಕಾರಿ ಆರೋಗ್ಯ ಸೌಲಭ್ಯ ಮೆಡಿಕೇರ್ ಸಿಗುತ್ತದೆ. ಮೂರು ವರ್ಷ ಪೂರೈಸಿ, ಮೂರು ವರ್ಷದ ತೆರಿಗೆ ನೋಟಿಸ್ ತೋರಿಸಿದರೆ 191 ಎಂಬ ಕಾಯಂ ವೀಸಾಕ್ಕೆ ದಾರಿ. ‘ರೀಜನಲ್’ ಎಂದರೆ ಕಾಡುಮೇಡು ಎಂದುಕೊಳ್ಳಬೇಡಿ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟರೆ ಮಿಕ್ಕಿದ್ದೆಲ್ಲ ರೀಜನಲ್ಲೇ. ಪರ್ತ್, ಅಡಿಲೇಡ್, ಕ್ಯಾನ್‌ಬೆರಾ, ನಿಮ್ಮ ಪಕ್ಕದ ಜೀಲಾಂಗ್ ಕೂಡ. ಆದರೆ ವಾಸ, ಕೆಲಸ, ಓದು ಎಲ್ಲವೂ ಆ ಪ್ರದೇಶದೊಳಗೇ ಆಗಬೇಕು. ಏಜೆಂಟರು ನಿಮಗೆ ಹೇಳಿದಂತೆ ಕಾಣದ ಮಾತೊಂದಿದೆ. 491 ಕೈಗೆ ಬಂದ ಮೇಲೆ, ತೀರಾ ಅಪವಾದದ ಸಂದರ್ಭ ಬಿಟ್ಟರೆ, ಮೂರು ವರ್ಷ ತುಂಬುವ ತನಕ ನೀವು 189, ರಾಜ್ಯ ಹೆಸರು ಸೂಚಿಸುವ 190, ಕಂಪನಿ ಹೆಸರು ಸೂಚಿಸುವ 186, ಈ ಕಾಯಂ ವೀಸಾಗಳಲ್ಲಿ ಯಾವುದಕ್ಕೂ ಅರ್ಜಿ ಹಾಕುವಂತಿಲ್ಲ. ಅಡಿಲೇಡ್‌ನಲ್ಲಿ ಕೆಲಸ ಸಿಗದೆ ಕೂತಾಗ ಮೆಲ್ಬರ್ನ್‌ನ ಕಂಪನಿ ಮತ್ತೆ ಕರೆದರೂ ಹೋಗುವ ಹಾಗಿಲ್ಲ.

482 ಹಾಗಲ್ಲ. ಅದರಲ್ಲಿದ್ದುಕೊಂಡೇ 189, 190ಕ್ಕೆ ಇಒಐ, ಅಂದರೆ ‘ನನಗೆ ಆಸಕ್ತಿಯಿದೆ’ ಎಂಬ ಸೂಚನೆ, ಹಾಕಿಡಬಹುದು. ಸ್ಕಿಲ್‌ಸೆಲೆಕ್ಟ್ ಎಂಬ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಲ್ಲಿ ಅದಕ್ಕೆ ಶುಲ್ಕವಿಲ್ಲ, ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ 482 ತೆಗೆದುಕೊಂಡು ಇಒಐಯನ್ನು ಜೀವಂತ ಇಡುತ್ತಿದ್ದೆ. 2024ರ ಡಿಸೆಂಬರ್‌ನಿಂದ ಆ ವೀಸಾದ ಹೆಸರು ‘ಸ್ಕಿಲ್ಸ್ ಇನ್ ಡಿಮಾಂಡ್’ ಎಂದಾಗಿದೆ, ಸಂಖ್ಯೆ ಹಳೆಯದೇ. ಕಳೆದ ಮೂರು ವರ್ಷದಲ್ಲಿ ಎರಡು ವರ್ಷ ಅನುಮೋದಿತ ಸ್ಪಾನ್ಸರ್ ಬಳಿ ಪೂರ್ಣಾವಧಿ ದುಡಿದಿದ್ದರೆ, ಕಂಪನಿ ಹೆಸರು ಸೂಚಿಸಿದರೆ, 186 ಮೂಲಕ ಪಿಆರ್. ಕಂಪನಿ ಮುಚ್ಚಿದರೆ ಮುಂಚೆ 60 ದಿನದಲ್ಲಿ ಹೊಸ ಸ್ಪಾನ್ಸರ್ ಹುಡುಕಬೇಕಿತ್ತು. 2024ರ ಜುಲೈಯಿಂದ ಒಂದು ಸಲಕ್ಕೆ 180 ದಿನ ಸಿಗುತ್ತದೆ. ಬಿಗಿ ಸಡಿಲವಾಗಿದೆ, ಬಿಟ್ಟುಹೋಗಿಲ್ಲ.

ಸಹಿ ಹಾಕುವ ಮುನ್ನ ಎಚ್‌ಆರ್ ಜತೆ ಒಂದು ವಿಷಯ ಬಿಡಿಸಿ ಮಾತಾಡಿ. ಸಿವಿಲ್ ಎಂಜಿನಿಯರ್ ಎಂದು ಸ್ಪಾನ್ಸರ್ ಆದವರು ಆ ಕೆಲಸದಲ್ಲೇ ಇರಬೇಕು. ವರ್ಷದ ಬಳಿಕ ‘ಭೇಷ್’ ಎಂದು ಬೆನ್ನು ತಟ್ಟಿ ಪ್ರಾಜೆಕ್ಟ್ ಮ್ಯಾನೇಜರ್ ಮಾಡಿಬಿಟ್ಟರೆ, ಬಡ್ತಿಯ ಖುಷಿಯಲ್ಲಿ ವೀಸಾದ ಲೆಕ್ಕ ತಪ್ಪಬಹುದು. ಎರಡು ವರ್ಷವಾದ ಮೇಲೆ 186ಕ್ಕೆ ಹೆಸರು ಸೂಚಿಸುವ ನೀತಿ ಕಂಪನಿಯಲ್ಲಿದೆಯೇ ಎಂದೂ ಕೇಳಿ, ಉತ್ತರ ಇಮೇಲ್‌ನಲ್ಲಿ ಬರಲಿ. ಬಾಯಿಮಾತಿನ ಮ್ಯಾನೇಜರ್ ನಾಳೆ ಬೇರೆ ಕಂಪನಿಗೆ ಹೋಗಿರುತ್ತಾರೆ. ಇನ್ನು, ಸ್ಪಾನ್ಸರ್‌ಗೆ ಪ್ರತಿಯಾಗಿ ಕಂಪನಿ ದುಡ್ಡು ಕೇಳುವುದು 2015ರಿಂದ ಅಲ್ಲಿ ಅಪರಾಧ. ತರಬೇತಿ ನಿಧಿಗೆ ಕಂಪನಿ ಕಟ್ಟುವ ಲೆವಿಯನ್ನು ನಿಮ್ಮ ಸಂಬಳದಿಂದ ಮುರಿದುಕೊಳ್ಳುವಂತೆಯೂ ಇಲ್ಲ.

ಈಗ 189. ಗೆಳೆಯರ ಮಾತಿನಲ್ಲಿ ಆಸೆಯಿದೆ, ಲೆಕ್ಕ ಕಮ್ಮಿ. 65 ಎಂಬುದು ಸರದಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ಅಂಕ ಅಷ್ಟೇ, ಕರೆಯುವುದು ಮೇಲಿನವರನ್ನು. ಕರೆ ಬಂದ ದಿನದ ವಯಸ್ಸೇ ಲೆಕ್ಕ. 25ರಿಂದ 32ರ ತನಕ 30 ಪಾಯಿಂಟ್ಸ್, 33 ತುಂಬಿದ ದಿನ 25. ಅಂದರೆ ಸುಮ್ಮನೆ ಕೂತಿದ್ದರೂ ನಿಮ್ಮ 75 ಸದ್ಯದಲ್ಲೇ 70 ಆಗುತ್ತದೆ. ಇಂಗ್ಲಿಷ್‌ನಲ್ಲಿ ನಿಮ್ಮದು ‘ಪ್ರೊಫಿಶಿಯೆಂಟ್’, 10 ಪಾಯಿಂಟ್ಸ್. ಮತ್ತೆ ಕೂತು ‘ಸುಪೀರಿಯರ್’ ತೆಗೆದರೆ 20. ಆಸ್ಟ್ರೇಲಿಯಾದ ಅನುಭವ ಮೂರು ವರ್ಷ ದಾಟಿದರೆ 5 ಏರಿ 10 ಆಗುತ್ತದೆ. 482ರಲ್ಲಿ ಕೆಲಸ ಮುಂದುವರಿಸಿದರೆ ಅದು ತಾನಾಗಿ ಬರುವಂಥದ್ದು. ಶ್ರೀಮತಿಯವರು ಶಿಕ್ಷಕಿ ಎಂದಿದ್ದೀರಿ. ಅವರ ವೃತ್ತಿ ಮೌಲ್ಯಮಾಪನವಾದರೆ ಈಗಿನ 5ರ ಬದಲು 10. ಆದರೆ ಶಿಕ್ಷಕರನ್ನು ಅಳೆಯುವ ಎಐಟಿಎಸ್‌ಎಲ್ ಇಂಗ್ಲಿಷ್ ವಿಷಯದಲ್ಲಿ ಬಲು ಬಿಗಿ: ಐಇಎಲ್‌ಟಿಎಸ್‌ನಲ್ಲಿ ಮಾತಿಗೂ ಆಲಿಸುವಿಕೆಗೂ 8 ಬೇಕು.

ಇದಕ್ಕಿಂತ ಸುಲಭದ 5 ಪಾಯಿಂಟ್ಸ್ ನಿಮ್ಮ ನಾಲಿಗೆಯ ಮೇಲೇ ಇದೆ. ಅನುವಾದಕರಿಗೆ ಮಾನ್ಯತೆ ಕೊಡುವ ನಾಟಿ ಸಂಸ್ಥೆಯ ಸಿಸಿಎಲ್ ಎಂಬ ಭಾಷಾ ಪರೀಕ್ಷೆಯ ಭಾಷೆಗಳಲ್ಲಿ ಕನ್ನಡವೂ ಒಂದು. ಇಬ್ಬರ ಸಂಭಾಷಣೆ ಕೇಳಿಸುತ್ತಾರೆ. ಒಬ್ಬರು ಇಂಗ್ಲಿಷ್, ಇನ್ನೊಬ್ಬರು ಕನ್ನಡ, ತುಂಡು ತುಂಡಾಗಿ ಅತ್ತಿಂದಿತ್ತ ದಾಟಿಸುವುದು ನಿಮ್ಮ ಕೆಲಸ. ಅಂಥ ಎರಡು ಸಂಭಾಷಣೆ, ತಲಾ 45 ಅಂಕ. ಒಂದೊಂದರಲ್ಲೂ 29, ಒಟ್ಟು 63 ಬರಬೇಕು. ಮನೆಮಾತು ಕನ್ನಡ ಎಂಬ ಧೈರ್ಯದಲ್ಲಿ ಹಾಗೇ ಹೋಗಬೇಡಿ. ಆಸ್ಪತ್ರೆ, ವಿಮೆ, ಕೋರ್ಟು, ಬಾಡಿಗೆ ಕರಾರು, ಇವನ್ನೆಲ್ಲ ನಾವು ಮನೆಯಲ್ಲೂ ಅರ್ಧ ಇಂಗ್ಲಿಷಿನಲ್ಲೇ ಮುಗಿಸಿಬಿಡುತ್ತೇವಲ್ಲ! ಇಬ್ಬರೂ ಕೂತು ಒಂದು ತಿಂಗಳು ಗಟ್ಟಿಯಾಗಿ ಅಭ್ಯಾಸ ಮಾಡಿ. ಒಂದು ಎಚ್ಚರಿಕೆ: ಕೈಗೆ ಬಾರದ ಪಾಯಿಂಟ್ಸನ್ನು ಇಒಐಯಲ್ಲಿ ಮುಂಗಡವಾಗಿ ತೋರಿಸಬೇಡಿ. ಕರೆ ಬಂದ ದಿನ ಅದು ನಿಜವಾಗಿರದಿದ್ದರೆ ಅರ್ಜಿಯೂ ಹೋಗುತ್ತದೆ, ಕಟ್ಟಿದ ಸಾವಿರಾರು ಡಾಲರೂ ಹೋಗುತ್ತದೆ.

ಮಗುವಿನ ವಿಷಯ. 491ರ ಪರವಾಗಿ ವಾದಿಸುವುದಾದರೆ ನಾನು ಇಲ್ಲಿಂದಲೇ ಶುರು ಮಾಡುತ್ತಿದ್ದೆ. ಭಾರತದ ಪಾಸ್‌ಪೋರ್ಟಿನವರಿಗೆ 482ರಲ್ಲಿ ಮೆಡಿಕೇರ್ ಇಲ್ಲ, ಖಾಸಗಿ ವಿಮೆಯೇ ಗತಿ. ಬಸಿರು-ಬಾಣಂತನಕ್ಕೆ ಅದರಲ್ಲಿ ಸಾಮಾನ್ಯವಾಗಿ 12 ತಿಂಗಳು ಕಾಯಬೇಕು. ಆದ್ದರಿಂದ ಹೆರಿಗೆ ಸೇರಿದ ವಿಮೆಯನ್ನು ಈ ತಿಂಗಳೇ ಮಾಡಿಸಿ. ಪಿಆರ್‌ಗೆ ಮುಂಚೆ ಹುಟ್ಟಿದ ಮಗುವಿಗೆ ನಿಮ್ಮ ವೀಸಾವೇ ಅನ್ವಯಿಸುತ್ತದೆ, ಆಮೇಲೆ ಹುಟ್ಟಿದರೆ ಹುಟ್ಟುತ್ತಲೇ ಆಸ್ಟ್ರೇಲಿಯಾದ ಪ್ರಜೆ. ಅದಕ್ಕಾಗಿ ಮಗುವನ್ನು ಮುಂದೂಡಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಅದು ನಿಮ್ಮಿಬ್ಬರ ಮಾತು.

ನಾನು ನೋಂದಾಯಿತ ಏಜೆಂಟ್ ಅಲ್ಲ, ನಿಯಮಗಳೂ ಆಗಾಗ ಬದಲಾಗುತ್ತವೆ. ಇಲ್ಲಿ ಬರೆದದ್ದನ್ನು ಹೋಮ್ ಅಫೇರ್ಸ್ ಇಲಾಖೆಯ ಜಾಲತಾಣದಲ್ಲಿ ತಾಳೆ ನೋಡಿಯೇ ಹೆಜ್ಜೆ ಇಡಿ. ಹಾಗೆಯೇ ನಿಮ್ಮ ಏಜೆಂಟರ ಏಳು ಅಂಕಿಯ ನೋಂದಣಿ ಸಂಖ್ಯೆ ಕೇಳಿ, ವಲಸೆ ಏಜೆಂಟರನ್ನು ನೋಂದಾಯಿಸುವ ಓಮಾರಾದ ಪಟ್ಟಿಯಲ್ಲಿ ಹುಡುಕಿ. 491ರ ಮೂರು ವರ್ಷದ ನಿರ್ಬಂಧವನ್ನು ಏಕೆ ಹೇಳಲಿಲ್ಲ ಎಂದೂ ಕೇಳಿ. ಸಂಖ್ಯೆ ಕೊಡಲು ಮೀನಮೇಷ ಎಣಿಸಿದರೆ ಕಡತ ವಾಪಸ್ ತೆಗೆದುಕೊಂಡು ಬೇರೆಯವರ ಬಳಿ ಹೋಗಿ.